ಜಿ ಎಚ್ ಅಕ್ಕಪಕ್ಕ ಬರೋ ಇಂಗ್ಲಿಷ್ ಪದ 30 ಬೇಕು, ಅರ್ಥ ಸಮೇತ. ಮಗಳ ಹೋಂವರ್ಕು, ಸೋಮವಾರದೊಳಗೆ

ಗೂಡಿನಮನೆ, ಶಿಡ್ಲಘಟ್ಟ:

ಎಲ್ರಿಗೂ ನಮಸ್ಕಾರ. ನನ್ ಮಗಳು ಏಳನೇ ಕ್ಲಾಸು, ಹೋದ ವರ್ಷದ ತನಕ ಕನ್ನಡ ಮೀಡಿಯಂ ಓದಿದ್ಲು, ಈ ವರ್ಷ ಇಂಗ್ಲಿಷ್ ಮೀಡಿಯಂಗೆ ಹಾಕಿದೀವಿ. ಜಿ ಮತ್ತೆ ಎಚ್ ಒಟ್ಟಿಗೆ ಬರೋ 30 ಪದ ಬರ್ಕೊಂಡು ಬಾ, ಎದುರಿಗೆ ಕನ್ನಡದಲ್ಲಿ ಅರ್ಥ ಹಾಕು ಅಂತ ಮಿಸ್ಸು ಹೇಳಿದಾರಂತೆ. ಇವಳು ಶುಕ್ರವಾರ ಕ್ಲಾಸಲ್ಲೇ ಒಂಬತ್ತು ಬರ್ದು ತೋರ್ಸಿದಾಳೆ, ಮೊದಲನೇ ಪದ ಏನು ಗೊತ್ತಾ, ಶಿಡ್ಲಘಟ್ಟ! ದಿನಾ ಬಸ್ ಬೋರ್ಡಲ್ಲಿ ನೋಡ್ತಾಳಲ್ಲ, ಎಸ್ ಐ ಡಿ ಎಲ್ ಎ ಜಿ ಎಚ್ ಎ ಟಿ ಟಿ ಎ. ಅದಕ್ಕೆ ಕೆಂಪು ಇಂಕಲ್ಲಿ ದೊಡ್ಡದಾಗಿ ಇಂಟು ಹಾಕಿ, ಊರ ಹೆಸರು ಬರೀಬಾರ್ದು ಅಂತ ವಾಪಸ್ ಕಳ್ಸಿದಾರೆ.

ಇಂಟು ಹಾಕಿದ್ದಕ್ಕೆ ಬೇಜಾರಿಲ್ಲ, ಆದ್ರೆ ಮನೆಗೆ ಬಂದು ಅವಳು ಕೇಳಿದ ಪ್ರಶ್ನೆಗೆ ನನ್ನ ಹತ್ರ ಉತ್ತರ ಇಲ್ಲ. ಅಮ್ಮ ನಮ್ಮೂರ ಹೆಸರಲ್ಲಿ ಜಿ ಎಚ್ ಅಂದ್ರೆ ಘ, ನೈಟ್ ಅನ್ನೋದ್ರಲ್ಲಿ ಜಿ ಎಚ್ ಇದ್ರೂ ಯಾರೂ ಹೇಳಲ್ಲ, ಲಾಫ್ ಅನ್ನೋದ್ರಲ್ಲಿ ಅದೇ ಜಿ ಎಚ್ ಫ್ ಆಗುತ್ತೆ, ಹೇಳ್ದೇ ಇರೋದನ್ನ ಯಾಕೆ ಬರೀಬೇಕು ಅಂತಾಳೆ. ನಾನು ಪಿಯುಸಿ ತನಕ ಕನ್ನಡ ಮೀಡಿಯಮ್ಮೇ, ನಮ್ಮೆಜಮಾನ್ರು ಫಿಲೇಚರ್, ಅಂದ್ರೆ ರೇಷ್ಮೆಗೂಡಿಂದ ನೂಲು ತೆಗೆಯೋ ಘಟಕ, ನಡ್ಸೋರು, ಅವರಿಗೆ ಗೂಡಿನ ರೇಟ್ ಬಿಟ್ರೆ ಬೇರೆ ಇಂಗ್ಲಿಷ್ ಬೇಡ. ಇನ್ನೊಂದು ವಿಷ್ಯ, ಇವಳು ಸ್ಪೆಲಿಂಗ್ ನೆನಪಿಟ್ಕೊಳ್ಳೋಕೆ ನೈಟ್‌ನ "ನಿಘ್ಟ್", ಲೈಟ್‌ನ "ಲಿಘ್ಟ್", ಡಾಟರ್‌ನ "ಡೌಘ್ಟರ್" ಅಂತ ಜೋರಾಗಿ ಹೇಳ್ಕೊಂಡು ಬಾಯಿಪಾಠ ಮಾಡ್ತಾಳೆ, ಪಕ್ಕದ ಮನೆ ಕಾನ್ವೆಂಟ್ ಮಕ್ಳು ಕೇಳಿಸ್ಕೊಂಡು ನಗ್ತವೆ, ಆ ಅಭ್ಯಾಸ ಬಿಡಿಸ್ಬೇಕಾ ಬೇಡ್ವಾ ಅದೂ ಹೇಳಿ. ಗೊತ್ತಿರೋರು ಪದ, ಅರ್ಥ, ಆಮೇಲೆ ಯಾಕೆ ಹಿಂಗೆ ಅನ್ನೋದನ್ನ ಸ್ವಲ್ಪ ಬಿಡಿಸಿ ಹೇಳಿದ್ರೆ ಉಪಕಾರ ಆಗುತ್ತೆ.

ಎಕ್ಸಾಂ ಯೋಧ, ಮಾಲೂರು:

ಅಕ್ಕ 30 ಏನು 60 ಬೇಕಾದ್ರೂ ಸಿಗುತ್ತೆ, ನಾನು ಬ್ಯಾಂಕ್ ಎಕ್ಸಾಂಗೆ ಓದ್ತಾ ಇದೀನಿ, ಬರ್ಕೊಳ್ಳಿ. ನೈಟ್ ರಾತ್ರಿ, ಲೈಟ್ ಬೆಳಕು (ಹಗುರ ಅಂತಾನೂ ಆಗುತ್ತೆ), ರೈಟ್ ಸರಿ ಅಥವಾ ಬಲಗಡೆ ಅಥವಾ ಹಕ್ಕು, ಫೈಟ್ ಜಗಳ, ಟೈಟ್ ಬಿಗಿ, ಸೈಟ್ ನೋಟ (ಮನೆ ಕಟ್ಟೋ ಸೈಟ್ ಅಲ್ಲ, ಅದರ ಸ್ಪೆಲಿಂಗ್ ಬೇರೆ), ಮೈಟ್ ಬಲ, ಬ್ರೈಟ್ ಹೊಳೆಯೋದು, ಫ್ರೈಟ್ ಹೆದರಿಕೆ, ಫ್ಲೈಟ್ ಹಾರಾಟ, ಪ್ಲೈಟ್ ದುಸ್ಥಿತಿ, ಸ್ಲೈಟ್ ಸ್ವಲ್ಪ, ಹೈ ಎತ್ತರ, ಸೈ ನಿಟ್ಟುಸಿರು, ಥೈ ತೊಡೆ, ಏಯ್ಟ್ ಎಂಟು, ವೇಯ್ಟ್ ತೂಕ, ನೇಬರ್ ಪಕ್ಕದ ಮನೆಯವರು, ನೇ ಅಂದ್ರೆ ಕುದುರೆ ಕೆನೆಯೋದು, ಥಾಟ್ ಯೋಚನೆ, ಫಾಟ್ ಜಗಳ ಆಡಿದ, ಕಾಟ್ ಹಿಡಿದ, ಟಾಟ್ ಕಲಿಸಿದ, ನಾಟಿ ತಂಟೆಕೋರ, ಸ್ಲಾಟರ್ ವಧೆ. ಆಯ್ತು, 25. ಇನ್ನೈದು ಬೇರೆಯೋರು ಹೇಳ್ತಾರೆ.

ಶಾರ್ಟ್‌ಕಟ್ ಬೇಕಾದ್ರೆ ಐ ಜಿ ಎಚ್ ಬಂದ್ರೆ ಐ ಅಂತ ಓದ್ಬೇಕು, ಇ ಐ ಜಿ ಎಚ್ ಬಂದ್ರೆ ಏ ಅಂತ ಓದ್ಬೇಕು, ಎ ಯು ಜಿ ಎಚ್ ಟಿ ಆಗ್ಲಿ ಓ ಯು ಜಿ ಎಚ್ ಟಿ ಆಗ್ಲಿ ಆಟ್ ಅಂತ ಓದ್ಬೇಕು. ಮುಗೀತು. ಯಾಕೆ ಗೀಕೆ ಅಂತ ಕೂತ್ಕೊಂಡ್ರೆ ಎಕ್ಸಾಂ ಪಾಸಾಗಲ್ಲ, ಬಾಯಿಪಾಠನೇ ದಾರಿ.

ಮಕ್ಕಳಿಗೆ ಬಾಟ್ ಮತ್ತೆ ಬ್ರಾಟ್ ಯಾವಾಗ್ಲೂ ಅದಲು ಬದಲು ಆಗುತ್ತೆ, ಅದಕ್ಕೊಂದು ಉಪಾಯ ಇದೆ. ಬ್ರಿಂಗ್‌ನಲ್ಲಿ ಆರ್ ಇದೆ ಅದಕ್ಕೆ ಬ್ರಾಟ್‌ನಲ್ಲೂ ಆರ್, ಅಂದ್ರೆ ತಂದ. ಬೈ ಅಂದ್ರೆ ಕೊಳ್ಳೋದು, ಅದರಲ್ಲಿ ಆರ್ ಇಲ್ಲ, ಬಾಟ್‌ನಲ್ಲೂ ಇಲ್ಲ. ನಾನು ಡಿಗ್ರಿಗೆ ಬಂದ ಮೇಲೆ ಕಲ್ತಿದ್ದು ಇದು, ಅಲ್ಲಿ ತನಕ ಅಂಗಡಿಯಿಂದ ತಂದಿದ್ದೆಲ್ಲಾ ಕೊಂಡಿದ್ದು ಅಂತಾನೇ ಬರೀತಿದ್ದೆ.

ಸುಮ್ನೆ ಓದೋನು, ತುಮಕೂರು:

ಯೋಧ ಅವ್ರೇ, ಇ ಐ ಜಿ ಎಚ್ ಬಂದ್ರೆ ಏ ಅಂತೀರಲ್ಲ, ಹಂಗಾದ್ರೆ ಹೈಟ್‌ನ ಹೇಯ್ಟ್ ಅಂತ ಓದ್ಬೇಕಾ? ಎತ್ತರ ಅನ್ನೋ ಹೈಟ್, ಕೈಚಳಕ ಅನ್ನೋ ಸ್ಲೈಟ್, ಇವೆರಡರಲ್ಲೂ ಇ ಐ ಜಿ ಎಚ್ಚೇ ಇರೋದು, ಐ ಅಂತಾನೇ ಓದೋದು. ಶಾರ್ಟ್‌ಕಟ್ ಹೇಳೋವಾಗ ಗುಂಡಿ ಎಲ್ಲಿದೆ ಅಂತಾನೂ ಹೇಳ್ಬೇಕು ಗುರು.

ಎಕ್ಸಾಂ ಯೋಧ, ಮಾಲೂರು:

ಎರಡೇ ತಾನೇ. ಅಷ್ಟಕ್ಕೆ ನನ್ ರೂಲ್ ಬಿದ್ದೋಗಲ್ಲ ಬಿಡಿ.

ಸೀಮೆಸುಣ್ಣ, ತಿಪಟೂರು:

ಅಮ್ಮಾ ಗೂಡಿನಮನೆಯವರೇ, ನಾನು 34 ವರ್ಷ ಹೈಸ್ಕೂಲಲ್ಲಿ ಇಂಗ್ಲಿಷು ಕನ್ನಡ ಎರಡೂ ಪಾಠ ಮಾಡಿ ರಿಟೈರ್ ಆಗಿರೋನು. ನಿಮ್ಮ ಮಗಳು ನಿಘ್ಟ್ ಲಿಘ್ಟ್ ಅನ್ನೋದನ್ನ ದಯವಿಟ್ಟು ಬಿಡಿಸ್ಬೇಡಿ. ನಗೋ ಮಕ್ಕಳಿಗೆ ಹೇಳಿ, ಏಳುನೂರು ವರ್ಷದ ಹಿಂದೆ ಇಂಗ್ಲೆಂಡಿನ ಜನ ಹೆಚ್ಚುಕಮ್ಮಿ ಹಿಂಗೇ ಮಾತಾಡ್ತಿದ್ರು ಅಂತ.

ಹೆಂಗೆ ಅಂದ್ರೆ, ಹಳೇ ಇಂಗ್ಲಿಷಲ್ಲಿ ಗಂಟಲೊಳಗಿಂದ ಬರೋ ಒಂದು ಹ ಇತ್ತು, ಖಾರ ಹತ್ತಿದಾಗ ಖ್ ಅಂತ ಕ್ಯಾಕರಿಸ್ತೀವಲ್ಲ ಆ ಥರದ ಸದ್ದು. ಆಗ ಅದನ್ನ ಬರೀ ಎಚ್ ಅಂತ ಬರೀತಿದ್ರು, ನೈಟ್ ಅನ್ನೋದನ್ನ ಎನ್ ಐ ಎಚ್ ಟಿ ಅಂತ ಬರ್ದು ನಿಖ್ಟ್ ಅನ್ನೋ ಹಂಗೆ ಓದೋರು. 1066ರಲ್ಲಿ ಫ್ರಾನ್ಸ್ ಕಡೆಯ ನಾರ್ಮನ್ನರು ಇಂಗ್ಲೆಂಡ್ ಗೆದ್ದ ಮೇಲೆ ಬರವಣಿಗೆ ಕೆಲಸ ಫ್ರೆಂಚ್ ಕಲಿತ ಗುಮಾಸ್ತರ ಕೈಗೆ ಹೋಯ್ತು, ಅವರು ಕಾಲಕ್ರಮದಲ್ಲಿ ಈ ಗಂಟಲ ಸದ್ದಿಗೆ ಎಚ್ ಮುಂದೆ ಒಂದು ಜಿ ಸೇರಿಸಿ ಬರೆಯೋ ರೂಢಿ ಮಾಡಿದ್ರು. ಆಮೇಲೆ ಜನರ ಬಾಯಲ್ಲಿ ಸದ್ದು ಸವೆದು ಹೋಯ್ತು, ಅಕ್ಷರ ಕಾಗದದ ಮೇಲೆ ಉಳ್ಕೊಂತು. ಕೆಲವು ಪದಗಳಲ್ಲಿ ಮಾತ್ರ ಆ ಖ್ ಅನ್ನೋದು ಸಾಯ್ದೆ ತುಟಿಗೆ ಬಂದು ಫ್ ಆಯ್ತು: ಲಾಫ್ ನಗು, ಕಾಫ್ ಕೆಮ್ಮು, ರಫ್ ಒರಟು, ಟಫ್ ಗಟ್ಟಿ, ಇನಫ್ ಸಾಕು, ಟ್ರಾಫ್ ದನಗಳು ನೀರು ಕುಡಿಯೋ ಬಾನಿ. ಜರ್ಮನ್ ಭಾಷೆ ಇಂಗ್ಲಿಷಿನ ದಾಯಾದಿ, ಅಲ್ಲಿ ಇವತ್ತಿಗೂ ಆ ಸದ್ದು ಇದೆ, ರಾತ್ರಿಗೆ ನಾಖ್ಟ್, ಎಂಟಕ್ಕೆ ಆಖ್ಟ್, ಮಗಳಿಗೆ ಟೋಖ್ಟರ್ ಅಂತಾರೆ. ನಿಮ್ಮ ಹುಡುಗಿಯ ಡೌಘ್ಟರ್ ಇದಕ್ಕೆ ಎಷ್ಟು ಹತ್ರ ನೋಡಿ.

ದೂರದ ಜರ್ಮನಿ ಯಾಕೆ, ಸಂಸ್ಕೃತದಲ್ಲೇ ಇದರ ನೆಂಟರಿದಾರೆ. ನಕ್ತ ಅಂದ್ರೆ ರಾತ್ರಿ, ನಕ್ತಂಚರ ಅಂತ ಓದಿರ್ತೀರಿ, ಆ ನಕ್ತ ಮತ್ತು ನೈಟ್ ಒಂದೇ ಬೇರಿನವು. ದುಹಿತೃ ಅಂದ್ರೆ ಮಗಳು, ಅದೇ ಡಾಟರ್, ದುಹಿತೃವಿನ ಹಿ ಇರೋ ಜಾಗದಲ್ಲೇ ಇಂಗ್ಲಿಷಿನ ಜಿ ಎಚ್ ಕೂತಿದೆ. ಹಗುರ ಅನ್ನೋ ಲೈಟ್‌ಗೂ ನಮ್ಮ ಲಘುಗೂ ಒಂದೇ ಮೂಲ. ಈ ಲಘುನ ಇಂಗ್ಲಿಷ್ ಅಕ್ಷರದಲ್ಲಿ ಬರೆದ್ರೆ ಅಲ್ಲೂ ಜಿ ಎಚ್ ಬರುತ್ತೆ, ಅದು ಕಾಕತಾಳೀಯ, ಆದ್ರೂ ಮಗುವಿಗೆ ಹೇಳಿದ್ರೆ ಜನ್ಮದಲ್ಲಿ ಮರೆಯಲ್ಲ.

ಈಗ ಅವಳ ಮುಖ್ಯ ಪ್ರಶ್ನೆ, ಹೇಳ್ದೇ ಇರೋದನ್ನ ಯಾಕೆ ಬರೀಬೇಕು. ನಿಮ್ಮ ಕಡೆ ಹಳ್ಳಿಲಿ ವಯಸ್ಸಾದೋರು ಹಾಲಿಗೆ ಏನಂತಾರೆ? ಆಲು. ಹಳ್ಳಿಗೆ? ಅಳ್ಳಿ. ಹಾಸನಕ್ಕೆ ಆಸ್ನ. ಆದ್ರೆ ಡೈರಿ ಪುಸ್ತಕದಲ್ಲಿ ಬರೆಯೋದು ಹಾಲು ಅಂತಾನೇ. ಬಾಯಲ್ಲಿ ಹ ಬಿದ್ದೋಗಿದೆ, ಬರಹದಲ್ಲಿ ಇದೆ. ಇಂಗ್ಲಿಷಿನ ಜಿ ಎಚ್‌ಗೂ ಆಗಿದ್ದು ಅದೇ ರೋಗ. ಮಗುಗೆ ಇಷ್ಟು ಹೇಳಿ ಸಾಕು, ಮಿಕ್ಕಿದ್ದು ನನ್ನ ಹಳೇ ಚಾಳಿ, ಶುರು ಮಾಡಿದ್ರೆ ಬೆಲ್ ಹೊಡೆಯೋ ತನಕ ನಿಲ್ಲಲ್ಲ.

ಎರಡುಭಾಷೆ, ಬಾಗೇಪಲ್ಲಿ:

ಮೇಷ್ಟ್ರೇ ಕೈ ಮುಗಿದೆ. ನಮ್ಮನೇಲಿ ಅಜ್ಜಿ ತೆಲುಗು, ಅವರು ಪಾಲು ಅಂತಾರೆ, ನಾನು ಹಾಲು ಅಂತೀನಿ, ಹಾಲು ಕರೆಯೋಕೆ ಬರೋ ಅಣ್ಣ ಆಲು ಅಂತಾನೆ. ಹಳಗನ್ನಡದಲ್ಲಿ ಪಾಲ್ ಅಂತಾನೇ ಇತ್ತು ಅಂತ ಓದಿದ ನೆನಪು. ಹಂಗಾದ್ರೆ ನಮ್ಮನೆ ಒಂದು ಚೊಂಬಲ್ಲೇ ಮೂರು ಕಾಲ ಇದೆ ಅಂತಾಯ್ತಲ್ಲ ಸಾರ್?

ಸೀಮೆಸುಣ್ಣ, ತಿಪಟೂರು:

ಸರಿಯಾಗಿ ಹಿಡಿದ್ರಿ. ಪಂಪನ ಕಾಲಕ್ಕೆ ಪಾಲ್, ಪುಲಿ, ಪೂ. ನಡುಗನ್ನಡಕ್ಕೆ ಬರೋ ಹೊತ್ತಿಗೆ ಹಾಲು, ಹುಲಿ, ಹೂ. ತೆಲುಗು ತಮಿಳಲ್ಲಿ ಆ ಪ ಉಳ್ಕೊಂತು, ನಮ್ಮಲ್ಲಿ ಹ ಆಯ್ತು, ಹಳ್ಳಿ ಬಾಯಲ್ಲಿ ಆ ಹ ಕೂಡ ಹೋಯ್ತು. ಒಂದು ವ್ಯತ್ಯಾಸ ಮಾತ್ರ ಇದೆ. ನಾವು ಬಾಯಿ ಬದಲಾದ ಹಂಗೆ ಬರಹನೂ ತಿದ್ಕೊಂಡ್ವಿ, ಪಾಲ್ ಅಂತ ಬರ್ದು ಹಾಲು ಅಂತ ಓದು ಅಂತ ಮಕ್ಕಳಿಗೆ ಹೊಡೀಲಿಲ್ಲ. ಇಂಗ್ಲಿಷ್‌ನೋರು ತಿದ್ಕೊಳ್ಳೋಕೆ ಮುಂಚೆನೇ ಅಚ್ಚಿನ ಮೊಳೆ ಬಂದು ಕೂತ್ಬಿಡ್ತು. 1476ರಲ್ಲಿ ಕ್ಯಾಕ್ಸ್ಟನ್ ಅನ್ನೋನು ವೆಸ್ಟ್‌ಮಿನ್‌ಸ್ಟರ್‌ನಲ್ಲಿ ಪ್ರಿಂಟಿಂಗ್ ಪ್ರೆಸ್ ಹಾಕಿದ, ಆಗ ಜೋಡಿಸಿದ ಸ್ಪೆಲಿಂಗ್‌ಗಳು ಆಮೇಲೆ ಬಹಳ ಅಲ್ಲಾಡ್ಲಿಲ್ಲ.

ಗೋಸ್ಟ್ ಅಂದ್ರೆ ದೆವ್ವ, ಅದರಲ್ಲೂ ಜಿ ಎಚ್ ಇದೆ, ಆದ್ರೆ ಅಲ್ಲಿ ಗಂಟಲ ಸದ್ದು ಯಾವತ್ತೂ ಇರ್ಲಿಲ್ಲ. ಹಳೇ ಇಂಗ್ಲಿಷಲ್ಲಿ ಗಾಸ್ಟ್, ಬರೀ ಜಿ. ಕ್ಯಾಕ್ಸ್ಟನ್ ಬಹಳ ವರ್ಷ ಈಗಿನ ಬೆಲ್ಜಿಯಂನ ಬ್ರೂಜ್ ಊರಲ್ಲಿದ್ದೋನು, ಆ ಕಡೆ ಫ್ಲೆಮಿಶ್ ಭಾಷೇಲಿ ದೆವ್ವದ ಪದಕ್ಕೆ ಜಿ ಪಕ್ಕ ಎಚ್ ಹಾಕೋ ರೂಢಿ, ಅದೇ ಗಾಳಿ ಇಲ್ಲಿಗೂ ಬೀಸ್ತು. ಅದನ್ನ ನೋಡಿ ಗ್ಯಾಸ್ಟ್ಲಿ ಅಂದ್ರೆ ಭೀಕರ, ಅಗಾಸ್ಟ್ ಅಂದ್ರೆ ದಂಗುಬಡಿದ, ಇವಕ್ಕೂ ಎಚ್ ಅಂಟ್ಕೊಂತು. ಒಟ್ಟಲ್ಲಿ ಪದದ ಶುರುವಲ್ಲಿ ಜಿ ಎಚ್ ಬಂದ್ರೆ ಗ್ ಅಂತ ಓದೋದು. ಘೀ ತುಪ್ಪ, ಘಾಟ್ ನಮ್ಮ ಪಶ್ಚಿಮ ಘಟ್ಟ, ಇವೆರಡೂ ಇಂಗ್ಲಿಷ್ ಡಿಕ್ಷನರೀಲೇ ಇರೋ ಪದಗಳು, ನಮ್ಮ ದೇಶದಿಂದ ಹೋದ್ವು. ಶಿಡ್ಲಘಟ್ಟದ ಅರ್ಧ ಡಿಕ್ಷನರೀಲಿ ಇದೆ ಅಂತ ಮಿಸ್ಸಿಗೆ ಹೇಳ್ಬಹುದು, ಮೆಲ್ಲಗೆ.

ಟೊಮೇಟೊ ಬಾಕ್ಸ್ 15 ಕೆಜಿ, ಕೋಲಾರ:

ನಾನು ಇಂಗ್ಲಿಷ್ ಓದ್ದೋನಲ್ಲ, ಆದ್ರೆ ಮಾರ್ಕೆಟಲ್ಲಿ ಕೂತ್ರೆ ಈ ಜಿ ಎಚ್ ಪದಗಳೇ ದಿನಾ ಕಣ್ಣಿಗೆ ಬೀಳ್ತವೆ. ಲಾರಿ ಬಿಲ್ಲಲ್ಲಿ ಫ್ರೇಯ್ಟ್ ಅಂತ ಇರುತ್ತೆ, ಸಾಗಾಣಿಕೆ ಬಾಡಿಗೆ. ವೇಯ್ಟ್ ಅಂದ್ರೆ ತೂಕ ಹೇಳೋದೇ ಬೇಡ. ಬ್ಲೈಟ್ ಅಂದ್ರೆ ನಮ್ಮ ಜೀವ ತಿನ್ನೋ ಅಂಗಮಾರಿ ರೋಗ. ನಾಲ್ಕು ದಿನ ಮೋಡ ಮುಚ್ಚಿ ಸೋನೆ ಹಿಡೀತು ಅಂದ್ರೆ ಎಲೆ ಅಂಚಲ್ಲಿ ಸುಟ್ಟಂಗೆ ಕಪ್ಪು ಮಚ್ಚೆ ಶುರು, ಬೆಳಗ್ಗೆ ಎಲೆ ಮಗುಚಿ ನೋಡಿದ್ರೆ ಬಿಳೀ ಬೂಷ್ಟು, ಆಮೇಲೆ ಕಾಯಿ ಮೇಲೆ ಕಂದು ಕಲೆ, ವಾರದಲ್ಲಿ ತೋಟ ಬೆಂದೋದಂಗೆ ಕಾಣುತ್ತೆ. ಔಷಧಿ ಅಂಗಡಿಯೋನು ಲೇಟ್ ಬ್ಲೈಟ್ ಅಂತ ಚೀಟಿ ಬರ್ದಾಗ ನಾನು ಮೊದಲು ಅದನ್ನ ಲೇಟ್ ಲೈಟ್ ಅಂತ ಓದಿ, ಕರೆಂಟ್ ತಡವಾಗಿ ಬರೋದಕ್ಕೂ ರೋಗಕ್ಕೂ ಏನಪ್ಪಾ ಸಂಬಂಧ ಅಂತ ಕೇಳಿದ್ದೆ.

ಇನ್ನೊಂದು ನಗು ಬರೋ ವಿಷ್ಯ. ನಮ್ ಕಡೆ ರೋಡಲ್ಲಿ ಒಂದು ವೇಬ್ರಿಡ್ಜ್ ಇದೆ, ಖಾಲಿ ಲಾರಿ ಒಂದ್ಸಲ ಲೋಡ್ ಲಾರಿ ಒಂದ್ಸಲ ಹತ್ತಿಸಿ ತೂಕ ಹಾಕೋದು, ಅದರ ಬೋರ್ಡಲ್ಲಿ ಡಬ್ಲ್ಯೂ ಎ ವೈ ಅಂತ ಬರ್ದಿದಾರೆ. ಇಪ್ಪತ್ತು ವರ್ಷದಿಂದ ನಾನು ಅದು ದಾರೀಲಿರೋ ಸೇತುವೆ ಅಂತ ಹೆಸರು ಅನ್ಕೊಂಡಿದ್ದೆ. ಈಗ ಮೇಷ್ಟ್ರು ಬರ್ದಿದ್ದು ಓದಿ ಮಗನ್ನ ಕೇಳಿದ್ರೆ, ಅಪ್ಪ ಅದು ತೂಗೋ ವೇ, ಅದರಲ್ಲಿ ಜಿ ಎಚ್ ಇರ್ಬೇಕು ಅಂದ. ಮಾಲೀಕರು ಗೊತ್ತಿರೋರೆ, ನಾಳೆ ಹೇಳ್ತೀನಿ.

ಬಿಸಿಲೂರು, ಪಾವಗಡ:

ನಮ್ಮೂರಿನ ಪದ ಬಿಟ್ಬಿಟ್ರಲ್ಲ ಎಲ್ರೂ. ಡ್ರೌಟ್! ಬರ. ಡ್ರೈ ಅಂದ್ರೆ ಒಣಗಿದ್ದು, ಅದೇ ಬೇರಿಂದ ಹುಟ್ಟಿದ ಪದ. ಈ ಡ್ರೌಟ್‌ಗೂ ಡ್ರಾಫ್ಟ್‌ಗೂ ಒಂದೇ ಅಕ್ಷರ ವ್ಯತ್ಯಾಸ, ಡ್ರೌಟಲ್ಲಿ ಓ, ಡ್ರಾಫ್ಟಲ್ಲಿ ಎ, ಮಿಕ್ಕಿದ್ದೆಲ್ಲಾ ಸೇಮ್, ಆದ್ರೆ ಒಂದರಲ್ಲಿ ಜಿ ಎಚ್ ಸತ್ತಿದೆ ಇನ್ನೊಂದರಲ್ಲಿ ಫ್ ಆಗಿ ಬದುಕಿದೆ. ಡ್ರಾಫ್ಟ್ ಅಂದ್ರೆ ಕಿಟಕಿ ಸಂದಿಂದ ಬರೋ ಗಾಳಿ, ಒಂದು ಗುಟುಕು, ಗಾಡಿ ಎಳೆಯೋ ಎತ್ತಿಗೂ ಡ್ರಾಫ್ಟ್ ಅನಿಮಲ್ ಅಂತಾರೆ. ಐಟಿಐಲಿ ಡ್ರಾಫ್ಟ್ಸ್‌ಮನ್ ಸಿವಿಲ್ ಅಂತ ಟ್ರೇಡ್ ಇದೆಯಲ್ಲ ಅದರ ಸ್ಪೆಲಿಂಗಲ್ಲೂ ಜಿ ಎಚ್, ನಮ್ ತಮ್ಮ ಅದನ್ನೇ ಓದಿ ಎರಡು ವರ್ಷ ಡ್ರೌಟ್ಸ್‌ಮನ್ ಅಂತ ಹೇಳ್ಕೊಂಡು ತಿರುಗ್ದ, ಊರಿನೋರಿಗೆ ಬರಗಾಲದ ಆಫೀಸರ್ ಅನ್ನಿಸಿರ್ಬೇಕು.

ನಾನೇನು ಕಮ್ಮಿ ಇಲ್ಲ. ಒಂದ್ಸಲ ಶೇಂಗಾ ಪೂರಾ ಒಣಗೋಯ್ತು, ಪರಿಹಾರಕ್ಕೆ ಇಂಗ್ಲಿಷಲ್ಲಿ ಅರ್ಜಿ ಬರೆದ್ರೆ ತೂಕ ಬರುತ್ತೆ ಅಂತ ಯಾರೋ ಹೇಳಿದ್ರು, ಬರ್ದೆ, ಓ ಹಾಕೋ ಕಡೆ ಎ ಹಾಕ್ದೆ. ಅರ್ಜಿ ತಗೊಂಡ ಗುಮಾಸ್ತರು ಕನ್ನಡಕ ಮೇಲೆತ್ತಿ, ಏನಪ್ಪಾ ಕಿಟಕಿ ಗಾಳಿಗೆ ನಿನ್ ಶೇಂಗಾ ಹೋಯ್ತಾ ಅಂದ್ರು. ಅಲ್ಲೇ ಪೆನ್ನು ತಗೊಂಡು ಎ ಮೇಲೆ ಓ ತಿದ್ದಿ, ಪಕ್ಕದಲ್ಲಿ ಕನ್ನಡದಲ್ಲಿ ಬರ ಅಂತ ಬರ್ದು ಕೊಟ್ಟು ಬಂದೆ. ನಿಮ್ಮ ಮಗಳಿಗೆ ಈ ಎರಡು ಪದ ಅಕ್ಕಪಕ್ಕ ಬರೆಯೋಕೆ ಹೇಳಿ ಅಕ್ಕ, ನನ್ ಥರ ಆಗೋದು ಬೇಡ. ಇಲ್ಲಿ ಈಗ ಸೋಲಾರ್ ಪಾರ್ಕ್ ಬಂದು 2,050 ಮೆಗಾವ್ಯಾಟ್ ಅಂತೆ, ಲೈಟು ಬ್ರೈಟು ಎರಡಕ್ಕೂ ಬರ ಇಲ್ಲ, ಮಳೆಗೇ ಬರ.

ಸೈನೈಡ್ ದಿಬ್ಬ, ಕೆಜಿಎಫ್:

ಲೈಟ್ ಅಂದ್ರಲ್ಲ, ಶಿವನಸಮುದ್ರದಿಂದ ಕರೆಂಟ್ ಮೊದಲು ಬಂದಿದ್ದೇ ನಮ್ಮೂರಿಗೆ, 1902ರಲ್ಲಿ, ಬೆಂಗಳೂರಿಗೆ ಸಿಕ್ಕಿದ್ದು 1905ಕ್ಕೆ. ಇದನ್ನ ಕೆಜಿಎಫ್‌ನೋರು ಎಲ್ಲಿ ಚಾನ್ಸ್ ಸಿಕ್ರೂ ಹೇಳ್ತೀವಿ, ಹೇಳ್ದೆ ಇರೋಕಾಗಲ್ಲ.

ನಮ್ಮ ತಾತ ಚಾಂಪಿಯನ್ ರೀಫ್ ಚಿನ್ನದ ಗಣೀಲಿ ಕೆಲಸ ಮಾಡೋರು, ಮನೆ ಮಾತು ತಮಿಳು, ಸ್ಕೂಲು ಮೆಟ್ಟಿಲು ಹತ್ತಿಲ್ಲ, ಆದ್ರೆ ಬಾಯಲ್ಲಿ ಬರ್ತಿದ್ದ ಇಂಗ್ಲಿಷ್ ಪದ ಕೇಳ್ಬೇಕಿತ್ತು ನೀವು. ದೊರೆ ಫರ್ಲೋ ಮೇಲೆ ಹೋಗಿದಾರೆ ಅನ್ನೋರು. ನಾನು ಚಿಕ್ಕೋನಿದ್ದಾಗ ಫರ್ಲೋ ಅಂದ್ರೆ ಯಾವುದೋ ಕುದುರೆ ಅನ್ಕೊಂಡಿದ್ದೆ. ದೊಡ್ಡೋನಾದ್ಮೇಲೆ ಗೊತ್ತಾಯ್ತು, ಎಫ್ ಯು ಆರ್ ಎಲ್ ಓ ಯು ಜಿ ಎಚ್, ಅಂದ್ರೆ ಊರಿಗೆ ಹೋಗೋಕೆ ಕೊಡೋ ಉದ್ದ ರಜ, ಡಚ್ ಭಾಷೆಯಿಂದ ಬಂದಿದ್ದು. ಈಗ ಪೇಪರಲ್ಲಿ ಜೈಲಿನ ಕೈದಿಗೆ ಫರ್ಲೋ ಸಿಕ್ತು ಅಂತ ಬರುತ್ತೆ. ಗಣಿ ಕೆಲಸದಲ್ಲಿದ್ದ ಆ ಇಂಗ್ಲಿಷರಲ್ಲಿ ತುಂಬ ಜನ ಕಾರ್ನ್‌ವಾಲ್ ಕಡೆಯೋರು, ಫರ್ಲೋ ಹೋದ್ರೆ ಹಡಗಲ್ಲಿ ಹೋಗಿ ಹಡಗಲ್ಲೇ ಬರ್ಬೇಕು. ತಾತನಿಗೆ ಆರು ದಿನ ನೈಟ್ ಶಿಫ್ಟು, ಏಳನೇ ದಿನ ನಿದ್ದೆ, ಅದೇ ಅವರ ಫರ್ಲೋ.

ಓ ಯು ಜಿ ಎಚ್ ಬಗ್ಗೆ ಯಾರೂ ಸರಿಯಾಗಿ ಹೇಳ್ಲಿಲ್ಲ, ಅದೇ ಅಲ್ವಾ ನಿಜವಾದ ಕಾಟ. ದೋ ಅಂದ್ರೆ ಆದರೂ, ಥ್ರೂ ಅಂದ್ರೆ ಮೂಲಕ, ಟಫ್ ಅಂದ್ರೆ ಗಟ್ಟಿ, ಬೌ ಅಂದ್ರೆ ಮರದ ಕೊಂಬೆ, ಪ್ಲೌ ಅಂದ್ರೆ ನೇಗಿಲು, ಡೋ ಅಂದ್ರೆ ಕಲಸಿದ ಹಿಟ್ಟು, ಥರೋ ಅಂದ್ರೆ ಕೂಲಂಕಷ. ನಾಲ್ಕೂ ಅಕ್ಷರ ಒಂದೇ, ಬಾಯಿ ಮಾತ್ರ ಪದಕ್ಕೊಂದು. ಅಮೆರಿಕದೋರು ಬೇಜಾರಾಗಿ ಪ್ಲೌನ ಪಿ ಎಲ್ ಓ ಡಬ್ಲ್ಯೂ ಮಾಡ್ಕೊಂಡ್ರು. ಯೋಧ ತಮ್ಮ, ಇದಕ್ಕೊಂದು ಶಾರ್ಟ್‌ಕಟ್ ಹೇಳಪ್ಪ ನೋಡೋಣ.

ಎಕ್ಸಾಂ ಯೋಧ, ಮಾಲೂರು:

ಇದಕ್ಕಿಲ್ಲ ಅಣ್ಣ. ಟಿ ಅಕ್ಷರ ಕೊನೆಗೆ ಬಂದ್ರೆ ಮಾತ್ರ ಆಟ್, ಅದೂ ಈಗ ಡ್ರೌಟ್ ಬಂದು ಕೆಡಿಸ್ತು. ಒಪ್ಕೊಂಡೆ.

ಸುಮ್ನೆ ಓದೋನು, ತುಮಕೂರು:

ಮೇಷ್ಟ್ರಿಗೊಂದು ಸಣ್ಣ ತಕರಾರು, ಬೈಬೇಡಿ. ಜಿ ಎಚ್ ಇರೋ ಕಡೆಯೆಲ್ಲಾ ಹಿಂದೆ ಗಂಟಲ ಸದ್ದಿತ್ತು ಅಂತ ಹುಡುಗಿ ತಿಳ್ಕೋಬಾರ್ದು. ಡಿಲೈಟ್ ಅಂದ್ರೆ ಆನಂದ, ಅದು ಫ್ರೆಂಚಿಂದ ಬಂದಿದ್ದು, ಅದರಲ್ಲಿ ಜಿ ಎಚ್ ಇರ್ಲೇ ಇಲ್ಲ. ಲೈಟ್ ಇದೆಯಲ್ಲ ಹಂಗೇ ಬರೆಯೋಣ ಅಂತ ಆಮೇಲೆ ಸೇರಿಸ್ಕೊಂಡಿದ್ದು. ಹಾಟಿ ಅಂದ್ರೆ ಸೊಕ್ಕಿನ, ಅದೂ ಅದೇ ಕತೆ, ಎತ್ತರ ಅನ್ನೋ ಅರ್ಥದ ಫ್ರೆಂಚ್ ಪದದಿಂದ ಬಂದು ಇಲ್ಲಿ ಜಿ ಎಚ್ ಉಡುಪು ತೊಟ್ಕೊಂತು. ಊರಲ್ಲಿ ಒಬ್ರು ಮನೆ ಮುಂದೆ ಕಂಬ ನಿಲ್ಲಿಸಿದ್ರೆ ಪಕ್ಕದೋರೂ ನಿಲ್ಲಿಸ್ತಾರಲ್ಲ, ಒಳಗೆ ಎರಡೇ ರೂಮಿದ್ರೂ.

ಅಂದಂಗೆ ನಮ್ ತುಮಕೂರು ಕಡೆ ಮಿಡಿಸೌತೆ ಬೆಳೆದು ಕಂಪ್ನಿಗೆ ಕೊಡ್ತಾರಲ್ಲ, ಗರ್ಕಿನ್, ಉಪ್ಪುನೀರಲ್ಲಿ ಹಾಕಿ ಫಾರಿನ್‌ಗೆ ಕಳಿಸ್ತಾರೆ, ಅದು ಜಿ ಎಚ್ ಇ ಆರ್. ಡಚ್ ಮೂಲ, ಅಲ್ಲಿ ಎಚ್ ಇರ್ಲಿಲ್ಲ, ಇಂಗ್ಲಿಷಿಗೆ ಬಂದ್ಮೇಲೆ ಸೇರ್ಕೊಂತು. ಹೊಲದಲ್ಲಿ ಬೆಳಗ್ಗೆ ಕೀಳ್ದೆ ಬಿಟ್ರೆ ಸಾಯಂಕಾಲಕ್ಕೆ ಬೆರಳು ಗಾತ್ರ ಹೋಗಿ ಹೆಬ್ಬೆರಳಾಗುತ್ತೆ, ಗ್ರೇಡ್ ಇಳಿಯುತ್ತೆ, ಅದಕ್ಕೆ ದಿನಕ್ಕೆ ಎರಡು ಸಲ ಕೀಳೋ ಮನೆಗಳೂ ಇವೆ. ಇದನ್ನ ಬರೆದ್ರೆ ಮಿಸ್ಸು ಖುಷಿ ಪಡ್ತಾರೆ, ಬೇರೆ ಮಕ್ಕಳು ಯಾರೂ ಬರ್ದಿರಲ್ಲ.

ಕೋಳಿ ಸಾಕೋರಿಗೆ ವೈಟ್ ಲೆಗ್‌ಹಾರ್ನ್ ಗೊತ್ತಿರುತ್ತೆ. ಅದರಲ್ಲೂ ಜಿ ಪಕ್ಕ ಎಚ್ ಇದೆ, ಆದ್ರೆ ಅದು ಜೋಡಿ ಅಲ್ಲ, ಜಿ ಒಂದು ಕಡೆ ಎಚ್ ಒಂದು ಕಡೆ, ಮಂಜಲ್ಲಿ ಹಡಗು ಕೂಗೋ ಫಾಗ್‌ಹಾರ್ನ್ ಥರ. ಲೆಗ್‌ಹಾರ್ನ್ ಅನ್ನೋದು ಇಟಲಿಯ ಲಿವೋರ್ನೊ ಊರಿಗೆ ಇಂಗ್ಲಿಷರಿಟ್ಟ ಹೆಸರು, ಅಲ್ಲಿಂದ ಕೋಳಿಗೆ ಬಂತು. ಹೋಂವರ್ಕಲ್ಲಿ ಇದನ್ನ ಬರೆಯೋದು ರಿಸ್ಕು.

ಸೀಮೆಸುಣ್ಣ, ತಿಪಟೂರು:

ಬೈಯೋದೇನು, ಸರಿಯಾಗಿ ತಿದ್ದಿದೀರಿ. ಡಿಲೈಟ್ ಬಗ್ಗೆ ನಾನೇ ಹೇಳ್ಬೇಕಿತ್ತು.

ಇನ್ನೊಂದೆರಡು ಹೇಳಿ ಸುಮ್ನಾಗ್ತೀನಿ. ಕೆ ಇಂದ ಶುರುವಾಗೋ ನೈಟ್, ಕೆ ಎನ್ ಐ ಜಿ ಎಚ್ ಟಿ. ಅದರಲ್ಲಿ ಕೆನೂ ಹೇಳಲ್ಲ ಜಿ ಎಚ್ಚೂ ಹೇಳಲ್ಲ, ಆರು ಅಕ್ಷರದಲ್ಲಿ ಮೂರು ಮೂಗರು. ಹಿಂದೆ ಎಲ್ಲಾನೂ ಹೇಳೋರು, ಕ್ನಿಖ್ಟ್ ಅಂತ. ಆಗ ಅದರ ಅರ್ಥ ಹುಡುಗ, ಆಳು ಅಂತ. ಆಳಾಗಿದ್ದೋನು ರಾಜನ ಕುದುರೆ ಸವಾರ ಆದ, ಆಮೇಲೆ ಪದವಿನೇ ಆಯ್ತು. ಗೂಡಿನಮನೆಯವರೇ, ನಿಮ್ಮ ಜಿಲ್ಲೆ ಮುದ್ದೇನಹಳ್ಳಿಯ ವಿಶ್ವೇಶ್ವರಯ್ಯನವರನ್ನ ಸರ್ ಎಂವಿ ಅಂತೀವಲ್ಲ, ಆ ಸರ್ ಬಂದಿದ್ದು 1915ರಲ್ಲಿ ಅವರಿಗೆ ಸಿಕ್ಕ ನೈಟ್ ಕಮಾಂಡರ್ ಪದವಿಯಿಂದ. ಅರ್ಥದ ಎದುರಿಗೆ ಇದನ್ನೇ ಉದಾಹರಣೆ ಕೊಡಿಸಿ.

ನೇಬರ್ ಅನ್ನೋದು ನೈ ಅಂದ್ರೆ ಹತ್ತಿರ, ಅದರ ಜೊತೆ ವಾಸ ಮಾಡೋನು ಅನ್ನೋ ಪದ ಸೇರಿ ಆಗಿದ್ದು, ನಮ್ಮ ನೆರೆಯವನು ಇದ್ದಂಗೇ. ನಾಟಿ ಅಂದ್ರೆ ಈಗ ತಂಟೆಕೋರ, ಮೊದಲು ನಾಟ್ ಅಂದ್ರೆ ಏನೂ ಇಲ್ಲ, ನಾಟಿ ಅಂದ್ರೆ ಕೈಲಿ ಏನೂ ಇಲ್ಲದ ಬಡವ. ಫ್ರಾಟ್ ಅಂದ್ರೆ ಈಗ ಅಪಾಯ ತುಂಬಿದ ಅಂತ ಬಳಸ್ತಾರೆ, ಮೂಲದಲ್ಲಿ ಹಡಗಿಗೆ ಸರಕು ತುಂಬಿದೆ ಅಂತ, ನಮ್ಮ ಟೊಮೇಟೊ ಅಣ್ಣನ ಫ್ರೇಯ್ಟ್ ಇದಕ್ಕೆ ಹತ್ತಿರದ ನೆಂಟ. ರಾಟ್ ಐರನ್ ಗೇಟು ಅಂತಾರಲ್ಲ, ಆ ರಾಟ್ ಅಂದ್ರೆ ಬಡಿದು ಕೆಲಸ ಮಾಡಿದ್ದು, ವರ್ಕ್ ಪದದ ಹಳೇ ಭೂತಕಾಲ. ಜನ ಅದನ್ನ ರಾಡ್ ಐರನ್ ಅಂತಾರೆ, ಗೇಟಲ್ಲಿ ರಾಡೂ ಇರೋದ್ರಿಂದ ಯಾರಿಗೂ ಅನುಮಾನ ಬರಲ್ಲ.

ಗೂಡಿನಮನೆ, ಶಿಡ್ಲಘಟ್ಟ:

ಎಲ್ರಿಗೂ ತುಂಬಾ ಥ್ಯಾಂಕ್ಸ್, ನಿನ್ನೆ ಬರೆಯೋಣ ಅಂದ್ರೆ ಮನೇಲಿ ಗೂಡು ಬಂದಿತ್ತು ಟೈಮ್ ಆಗ್ಲಿಲ್ಲ. ಒಟ್ಟು 41 ಪದ ಬರೆದ್ಲು. ಭಾನುವಾರ ರಾತ್ರಿ ಇವಳು ಒಳಗೆ ಕೂತು ಪಾಲು ಹಾಲು ಆಲು ನಿಖ್ಟ್ ನೈಟ್ ಅಂತ ರಾಗ ತೆಗೀತಿದ್ರೆ, ನಮ್ಮತ್ತೆ ತೆಲುಗಿನೋರು, ಹಾಲು ಬೇಕಾ ಅಂತ ಎರಡು ಸಲ ಕೇಳಿ ಮೂರನೇ ಸಲ ಲೋಟದಲ್ಲಿ ತಂದೇ ಕೊಟ್ರು.

ಮಿಸ್ಸು 39ಕ್ಕೆ ಟಿಕ್ ಹಾಕಿದಾರೆ. ಲೆಗ್‌ಹಾರ್ನ್‌ಗೆ ಇಂಟು, ರಿಸ್ಕು ಅಂತ ಹೇಳಿದ್ರೂ ಕೇಳದೆ ಬರ್ದಿದ್ಲು. ಶಿಡ್ಲಘಟ್ಟ ಮತ್ತೆ ಬರ್ದು ಪಕ್ಕದಲ್ಲಿ "ಘಾಟ್ ಡಿಕ್ಷನರೀಲಿ ಇದೆ" ಅಂತ ಸೇರಿಸಿದ್ಲು, ಅದಕ್ಕೂ ಇಂಟು, ಆದ್ರೆ ಈ ಸಲ ಸಣ್ಣ ಇಂಟು. ಗರ್ಕಿನ್ ಅಂದ್ರೇನು ಅಂತ ಮಿಸ್ಸೇ ಇವಳನ್ನ ಕೇಳಿದ್ರಂತೆ. ಯೋಧ ತಮ್ಮ, ಬಾಟ್ ಬ್ರಾಟ್ ಉಪಾಯ ನಮ್ಮೆಜಮಾನ್ರಿಗೂ ಹಿಡಿಸ್ತು, ಗೂಡು ಬಾಟ್, ಮನೆಗೆ ಬ್ರಾಟ್ ಅಂತ ಎರಡು ದಿನದಿಂದ ಹೇಳ್ತಿದಾರೆ.

ಟೊಮೇಟೊ ಬಾಕ್ಸ್ 15 ಕೆಜಿ, ಕೋಲಾರ:

ವೇಬ್ರಿಡ್ಜ್ ಬೋರ್ಡ್ ವಿಷ್ಯ ಹೇಳ್ಬಿಡ್ತೀನಿ. ಮಾಲೀಕರು ಒಪ್ಪಿದ್ರು, ಸರಿ ಮಾಡಿಸೋಣ ಅಂತ ಪೇಂಟರ್‌ನ ಕರೆಸಿದ್ರು. ಅವನು ಅಕ್ಷರಕ್ಕಿಷ್ಟು ಅಂತ ರೇಟ್ ಹಾಕೋನು. ಡಬ್ಲ್ಯೂ ಎ ವೈ ಅಳಿಸಿ ಡಬ್ಲ್ಯೂ ಇ ಐ ಜಿ ಎಚ್ ಬರೀಬೇಕಪ್ಪ ಅಂದ್ರೆ, ಎರಡಕ್ಷರ ಜಾಸ್ತಿ ಆಗುತ್ತೆ ಸಾರ್ ಅಂದ. ಯಾವುದು ಜಾಸ್ತಿ ಅಂದ್ರೆ ಜಿ ಮತ್ತೆ ಎಚ್ ಅಂದ. ಅದನ್ನ ಓದೋವಾಗ ಹೇಳ್ತಾರಾ ಅಂತ ಕೇಳ್ದ, ಇಲ್ಲ ಅಂದೆ ನಾನು. ಬಾಯಲ್ಲಿ ಬರ್ದೇ ಇರೋ ಅಕ್ಷರಕ್ಕೆ ಯಾಕೆ ಸಾರ್ ದುಡ್ಡು ಹಾಕ್ತೀರಾ ಅಂದ. ಮಾಲೀಕರು ಹೌದಲ್ವಾ ಅಂದ್ರು. ಬೋರ್ಡ್ ಹಂಗೇ ಇದೆ.